ಗದ್ದದ ಕೆಳಗಿನ ಗಂಟು

ಸರೋಜಾ ವೈನಿಯ ಕೈ ಸದಾ ಕುತ್ತಿಗೆಯ ಹತ್ತಿರವೇ ಓಡಾಡುತ್ತಿತ್ತು. ಅಲ್ಲೊಂದು ಹಸಿರು ಉಣ್ಣೆಯ ಸ್ಕಾರ್ಫು. ಅದನ್ನು ಬಿಚ್ಚುವುದು, ಕಟ್ಟುವುದು, ಎರಡು ಹೆಜ್ಜೆ ಹೋಗಿ ಮತ್ತೆ ಬಿಚ್ಚುವುದು. ಥಂಡಿಯ ದಿನಗಳಲ್ಲಂತೂ ನೋಡುವವರಿಗೇ ತಲೆ ತಿರುಗಬೇಕು.

"ಒಂದ ಕಡಿ ಕುಂದ್ರು ವೈನಿ, ನಿನ್ನ ನೋಡಿ ನನಗೇ ಸುಸ್ತಾಗ್ಯದ" ಎಂದರೆ, "ಕುಂತ್ರ ಗಂಟ ನಿಂದರತದೇನು?" ಎಂದು ಎದ್ದೇ ಹೋಗುತ್ತಿದ್ದಳು.

ವೈನಿ ಬೀದರಿನ ಹೆಣ್ಣು. ನಮ್ಮಣ್ಣನನ್ನು ಮದುವೆಯಾಗಿ ಚಿಂಚೋಳಿಗೆ ಬಂದ ಮೇಲೆ ಸುಲೇಪೇಟದ ಶಾಲೆಯಲ್ಲಿ ನೌಕರಿ ಸಿಕ್ಕಿತು. ಹೋಗಬೇಕಾದದ್ದು ಹೊತ್ತು ಮೂಡುವ ಮೊದಲು ಹೊರಡುವ ಬಸ್ಸಿಗೆ; ಅದರ ಕಿಟಕಿಗಳಿಗೋ ಗಾಜೇ ಇಲ್ಲ. ಚಿಕ್ಕಂದಿನಿಂದ ಅವಳಿಗೆ ತಣ್ಣನೆಯ ಗಾಳಿ ತಾಗಿದರೆ ಕಿವಿ ಸೋರುತ್ತಿತ್ತು. ಅದಕ್ಕೇ ತವರಿನಿಂದ ಆ ಸ್ಕಾರ್ಫು ತಂದಿದ್ದಳು.

ಮೊದಲ ದಿನ ಅದನ್ನು ತಲೆಯ ಮೇಲಿಂದ ಇಳಿಸಿ, ಗದ್ದದ ಕೆಳಗೆ ಗಂಟು ಹಾಕಿಕೊಂಡು ಹೊರಟಳು. ಅವ್ವ ಒಲೆ ಬಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಗದ್ದಕ್ಕ ಅರಿವಿ ಕಟ್ಟಕೊಂಡು ಹೊಸ್ತಿಲ ದಾಟಬ್ಯಾಡ. ನನ ಮಗ ಒಳಗ ಚಾ ಕುಡಿಲಕತ್ತಾನ."

ನಮ್ಮಲ್ಲಿ ಗದ್ದಕ್ಕೆ ಬಟ್ಟೆ ಕಟ್ಟುವುದು ಉಸಿರು ಹೋದವರಿಗೆ, ಬಾಯಿ ತೆರೆದುಕೊಳ್ಳಬಾರದೆಂದು. ಅಪ್ಪನಿಗೆ ಅವ್ವನೇ ಕೈಯಾರೆ ಕಟ್ಟಿದ್ದಳು. ಅವಳ ಕಣ್ಣಿಗೆ ಕಂಡದ್ದು ಏನೆಂದು ನನಗೆ ತಿಳಿಯಿತು.

"ಕಿವಿ ಸೋರತಾವ ಅತ್ತಿ."

"ಹಂಗಾರ ನೌಕರಿ ಬಿಡು."

ಅಣ್ಣ ಬಸಿಯಲ್ಲಿದ್ದ ಚಹಾ ನೋಡುತ್ತಾ ಕುಳಿತಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ವೈನಿ ಸ್ಕಾರ್ಫು ಚೀಲಕ್ಕೆ ತುರುಕಿ ಬರಿಗಿವಿಯಲ್ಲೇ ಹೋದಳು. ಸಂಜೆ ಜ್ವರ ಹೊತ್ತು ಬಂದಳು. ಹೀಗೇ ವಾರ ಕಳೆದರೆ ಶಾಲೆ ಬಿಡಬೇಕಾಗುತ್ತಿತ್ತು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಕನ್ನಡಿಯ ಮುಂದೆ ನಿಂತು, "ಗದ್ದ ಒಂದ ಬಿಟ್ಟರ ಆಯ್ತಲ್ಲ" ಎಂದಳು.

ಅಲ್ಲಿಂದ ಶುರುವಾಯಿತು. ಕಿವಿ ಮುಚ್ಚಿ ಹಿಂದಲೆಯಲ್ಲಿ ತುದಿಗಳನ್ನು ಅಡ್ಡ ಹಾಯಿಸಿ, ಮುಂದೆ ತಂದು ಕುಪ್ಪಸದೊಳಗೆ ಸಿಕ್ಕಿಸುವುದು ಒಂದು ದಿನ. ಹುರಿ ಮಾಡಿ ಸಿಂಬಿಯಂತೆ ತಲೆಗೆ ಸುತ್ತಿ ಮೇಲೆ ಸೆರಗು ಹೊದೆಯುವುದು ಮತ್ತೊಂದು ದಿನ. ಹಬ್ಬವಿದ್ದರೆ ಗಂಟು ಎಡಗಿವಿಯ ಪಕ್ಕಕ್ಕೆ ಬಂದು ಹೂವಿನ ಹಾಗೆ ಅರಳುತ್ತಿತ್ತು. ಆದರೆ ಗದ್ದದ ಆಸರೆಯಿಲ್ಲದೆ ಯಾವುದೂ ನಿಲ್ಲುತ್ತಿರಲಿಲ್ಲ. ಬಸ್ಸು ಕುಲುಕಿದರೆ ಸಡಿಲ, ಪಾಠ ಮಾಡುವಾಗ ಸಡಿಲ. ಆ ಕೈಗೆ ನೆಮ್ಮದಿ ಎಲ್ಲಿಂದ ಬರಬೇಕು?

ಸುಲೇಪೇಟದ ಹುಡುಗಿಯರಿಗೆ ಇದೆಲ್ಲ ಫ್ಯಾಷನ್ನಾಗಿ ಕಂಡಿತು. ಅಣ್ಣಂದಿರ ಮಫ್ಲರು ಕಸಿದುಕೊಂಡು ಟೀಚರ್ ಹಾಗೆ ಕಟ್ಟಿಕೊಂಡು ಬರತೊಡಗಿದರು. ಅವ್ವ ಮಾತ್ರ ದಿನವೂ ಬಾಗಿಲಲ್ಲಿ ವೈನಿಯ ಗದ್ದವನ್ನಷ್ಟೇ ನೋಡಿ ದಾರಿ ಬಿಡುತ್ತಿದ್ದಳು. ಒಂದು ಚಳಿಗಾಲ ತಾನೂ ಸುಲೇಪೇಟಕ್ಕೆ ಹೊರಟಾಗ, ವೈನಿಯ ಮುಂದೆ ಬಂದು ತಲೆ ಬಗ್ಗಿಸಿದಳು.

"ನನಗೂ ಕಟ್ಟು. ಗದ್ದ ಬಿಟ್ಟು."

ವೈನಿ ಕಟ್ಟಿದಳು, ತುಟಿ ಕಚ್ಚಿ ನಗು ತಡೆದುಕೊಂಡು.

ನಾನು ಮದುವೆಯಾಗಿ ಸೇಡಂಗೆ ಬಂದ ಮೇಲೆ, ಒಂದು ಪುಷ್ಯ ಮಾಸದಲ್ಲಿ ಸುದ್ದಿ ಬಂತು. ಪಾಠ ಮಾಡುತ್ತಿದ್ದವಳು ಬೋರ್ಡಿನ ಮುಂದೆಯೇ ಕುಸಿದಿದ್ದಳಂತೆ. ನಾನು ಹೋಗುವಷ್ಟರಲ್ಲಿ ಓಣಿಯ ಹೆಂಗಸರು ಹಸಿರು ಸೀರೆ ಉಡಿಸಿ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಆ ಕೈಗಳು ಸುಮ್ಮನೆ ಬಿದ್ದಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಅವ್ವ ಗೋಡೆ ಹಿಡಿದುಕೊಂಡು ಬಂದಳು. "ಆ ಬಿಳಿ ಅರಿವಿ ತೆಗಿರಿ. ಆಕಿದು ಸ್ಕಾರ್ಫ ತರ್ರಿ" ಎಂದಳು. ಯಾರೋ ತಂದುಕೊಟ್ಟರು. ಸೊಸೆಯ ತಲೆಯ ಮೇಲಿಂದ ಇಳಿಸಿ ಗದ್ದದ ಕೆಳಗೆ ತಂದಳು.

"ಈಗ ಕಟ್ಟಕೋ ನನ ತಾಯಿ. ನಾ ಏನೂ ಅನ್ನಲ್ಲ."

ಎರಡು ಸಲ ಸುತ್ತಿದರೂ ಗಂಟು ಬೀಳಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಹಾಕಿದೆ.

"ಕಿವಿ ಬರೋಬ್ಬರಿ ಮುಚ್ಚವಾ" ಎಂದಳು ಅವ್ವ, "ಹೊರಗ ಭಾಳ ಥಂಡಿ ಅದ."