ಜೂಮ್ ಮಾಡಿದ ಶುಕ್ರವಾರ

ಕೋವಿಡ್ಡಿನ ಮಾಸ್ಕುಗಳು ಡ್ರಾಯರ್ ಸೇರಿ, ಶಾಲೆಯ ಮೈದಾನಗಳಲ್ಲಿ ಜನ ಮತ್ತೆ ಒತ್ತೊತ್ತಾಗಿ ಕೂರತೊಡಗಿದ ವರ್ಷ ಅದು. ಅಮೆರಿಕದ ಸಮಾಮಿಶ್‌ನಲ್ಲಿ ನಮ್ಮ ಮನೆಯಿಂದ ಕಾರಿನಲ್ಲಿ ಏಳು ನಿಮಿಷ ದೂರದ ಹೈಸ್ಕೂಲೊಂದರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ನಾನು ಫಿಲ್ಮ್ ವಾಲಂಟಿಯರ್ ಆಗಿದ್ದೆ. ಸಂಬಳವಿಲ್ಲ. ಕೊರಳಿಗೊಂದು ಪಾಸು, ಒಂದು ಕ್ಯಾಮೆರಾ, ಸ್ಟ್ಯಾಂಡಿನ ತುತ್ತತುದಿಯಲ್ಲಿ ಪ್ಲೈವುಡ್ಡಿನ ಒಂದು ಗೂಡು. ಮದುವೆಯಾದ ಮೇಲೆ ನಾನು ಹೊರಗೆ ದುಡಿದವಳಲ್ಲ. ‘ಏನು ಕೆಲಸ ಮಾಡ್ತೀರಿ’ ಎಂದು ಯಾರಾದರೂ ಕೇಳಿದರೆ ‘ಮನೇಲಿದ್ದೀನಿ’ ಎಂದು ನಕ್ಕು ಮಾತು ಮುಗಿಸುತ್ತಿದ್ದೆ. ಆದರೆ ಆ ಗೂಡಿನಲ್ಲಿ ನಾಲ್ಕು ಸೀಸನ್ ನಿಂತಿದ್ದೇನೆ. ಅದನ್ನು ಕೆಲಸವೆಂದೇ ಕರೆಯುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಒಬ್ಬ ಹುಡುಗನ ಮಾನ ಹೋಯಿತು. ತಪ್ಪಿಗೆ ಬೆಲೆ ಇರುವುದು ಕೆಲಸಕ್ಕೆ ಮಾತ್ರ.

ನನ್ನ ಮಗಳು ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಅವಳನ್ನು ಬಿಡಲು ಹೋಗಿ ಸುಮ್ಮನೆ ಕೂರುವ ಬದಲು ಕ್ಯಾಮೆರಾ ಹಿಡಿದೆ. ಮೊದಲ ದಿನವೇ ಕೋಚ್ ಹೇಳಿದ ನಿಯಮ ಒಂದೇ: ಎರಡೂ ತಂಡದ ಇಪ್ಪತ್ತೆರಡು ಜನರೂ ಪ್ರತಿಯೊಂದು ಆಟದಲ್ಲೂ ಚೌಕಟ್ಟಿನೊಳಗೆ ಇರಬೇಕು. ಚೆಂಡಿನ ಹಿಂದೆ ಹೋಗಬೇಡಿ, ಹತ್ತಿರ ಎಳೆಯಬೇಡಿ, ವೈಡ್ ಇಡಿ. ವಾರಾಂತ್ಯದಲ್ಲಿ ಕೋಚು ಹುಡುಗರೊಡನೆ ಕೂತು ನೋಡುವುದು ಆ ಫಿಲ್ಮನ್ನೇ. ನಮ್ಮ ಶಾಲೆಗಿದ್ದದ್ದು ಒಂದೇ ಕ್ಯಾಮೆರಾ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಕೈಗೆ ಬಂದೊಡನೆ ಯಾರಿಗೆ ಎಸೆಯಬೇಕೆಂದು ನಿರ್ಧರಿಸಿ ಎಸೆಯುವವನು. ಊರೆಲ್ಲ ನೋಡುವುದು ಅವನನ್ನೇ. ಅವನ ಮುಂದೆ ಸಾಲಾಗಿ ಐವರು ದಪ್ಪ ಹುಡುಗರು ಬಗ್ಗಿ ನಿಂತಿರುತ್ತಾರೆ. ಇವರನ್ನು ‘ಲೈನ್’ ಎನ್ನುತ್ತಾರೆ. ಇವರು ಚೆಂಡು ಮುಟ್ಟುವುದಿಲ್ಲ, ಪಾಯಿಂಟು ಗಳಿಸುವುದಿಲ್ಲ. ಎದುರಾಳಿಗಳನ್ನು ಮೈಯೊಡ್ಡಿ ತಡೆಯುತ್ತಾರೆ. ಎಸೆಯಲು ಬೇಕಾದ ಮೂರು ಸೆಕೆಂಡನ್ನು ಸಂಪಾದಿಸಿ ಕೊಡುವುದು ಇವರು. ಎಡತುದಿಯವನ ಹೆಸರು ಲೆಫ್ಟ್ ಟ್ಯಾಕಲ್. ಬಲಗೈಯಲ್ಲಿ ಎಸೆಯುವವನಿಗೆ ತನ್ನ ಎಡಬೆನ್ನು ಕಾಣುವುದಿಲ್ಲವಲ್ಲ, ಆ ಬೆನ್ನನ್ನು ಕಾಯುವುದು ಇವನ ಕೆಲಸ. ಮದುವೆಮನೆಯಲ್ಲಿ ಬಡಿಸಿದವನನ್ನು ಹೊಗಳಿ, ಒಲೆಯ ಮುಂದೆ ಬೆಂದ ಭಟ್ಟರನ್ನು ಮರೆಯುತ್ತೇವೆ, ಇದೂ ಹಾಗೆಯೇ.

ಆ ವರ್ಷ ತಂಡದಲ್ಲಿ ಇಬ್ಬರು ಕನ್ನಡದ ಹುಡುಗರಿದ್ದರು, ಇಬ್ಬರೂ ಹನ್ನೆರಡನೇ ತರಗತಿ. ನಿಖಿಲ್ ಕ್ವಾರ್ಟರ್‌ಬ್ಯಾಕ್. ಅವನ ತಂದೆ ಪ್ರಕಾಶ್ ಓವರ್‌ಲೇಕ್‌ನ ಕಂಪನಿಯೊಂದರಲ್ಲಿ ಮ್ಯಾನೇಜರು, ನಮ್ಮ ಕನ್ನಡ ಬಳಗದ ಕಮಿಟಿಯವರು. ಚಿರಾಗ್ ಲೆಫ್ಟ್ ಟ್ಯಾಕಲ್. ಅವನ ತಾಯಿ ಗಿರಿಜಾ ಹಾಸನದ ಕಡೆಯವಳು, ನನ್ನ ಗೆಳತಿ. ‘ಈ ರಾಶೀಲಿ ನನ್ ಮಗ ಯಾವನು ಅಂತ್ಲೇ ಗೊತ್ತಾಗಕಿಲ್ಲ ಶೈಲಕ್ಕ, ಅಡೀಲಿ ಇರೋನೇ ಇವ್ನು ಅಂದ್ಕಂಡ್ಬುಡ್ತೀನಿ’ ಎಂದು ನಗುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು. ಅವನ ಹತ್ತು ಬೆರಳಿಗೂ ಬಿಳಿ ಟೇಪು. ಪ್ರತಿ ಸಲ ನಿಖಿಲ್ ಕೆಳಗೆ ಬಿದ್ದಾಗ ಮೊದಲು ಚಾಚುತ್ತಿದ್ದದ್ದು ಆ ಟೇಪಿನ ಕೈ.

ಅಕ್ಟೋಬರಿನಲ್ಲಿ ಒಂದು ದಿನ ಪ್ರಕಾಶ್ ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ನಿಲ್ಲಿಸಿದರು.

‘ಶೈಲಾ ಅವ್ರೆ, ಒಂದು ಹೆಲ್ಪು. ರಾಜ್ಯೋತ್ಸವದಲ್ಲಿ ನಿಖಿಲ್‌ಗೆ ಸನ್ಮಾನ ಇಟ್ಕೊಂಡಿದೀವಿ. ನಿಮ್ಮ ವಿಡಿಯೋದಲ್ಲಿ ಎಲ್ರೂ ಇರುವೆ ಥರ ಕಾಣ್ತಾರೆ. ಈ ಸಲ ಸ್ವಲ್ಪ ಜೂಮ್ ಮಾಡಿ, ಮುಖ ಕಾಣ್ಲಿ.’

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಹಿರಿಯರು ಕೇಳಿದಾಗ ‘ಇಲ್ಲ’ ಅನ್ನುವುದು ಅಸಭ್ಯ ಎಂದು ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ತಿದ್ದಿ ತೀಡಿ ಕಲಿಸಿದ್ದರು. ‘ಆಯ್ತು, ಅದಕ್ಕೇನಂತೆ’ ಎಂದೆ. ಆ ‘ಅದಕ್ಕೇನಂತೆ’ಯನ್ನು ನೆನೆದಾಗಲೆಲ್ಲ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಶುಕ್ರವಾರದ ಪಂದ್ಯ, ಮೂರನೆಯ ಕ್ವಾರ್ಟರು. ನಾವು ನಾಲ್ಕು ಪಾಯಿಂಟು ಹಿಂದೆ. ನಾನು ಜೂಮ್ ಎಳೆದೆ. ಚೌಕಟ್ಟಿನ ತುಂಬ ನಿಖಿಲ್, ಹೆಲ್ಮೆಟ್ಟಿನ ಕಂಬಿಯ ಹಿಂದೆ ಅವನ ಬೆವರೂ ಕಾಣುವಷ್ಟು. ಚೆಂಡು ಕೈಗೆ ಬಂತು, ಎರಡು ಹೆಜ್ಜೆ ಹಿಂದೆ ಹೋದ, ತೋಳೆತ್ತಿದ. ಚೌಕಟ್ಟಿನ ಎಡ ಅಂಚಿನಿಂದ ಎದುರಾಳಿಯ ಒಂದು ಕೆಂಪು ಜರ್ಸಿ ನುಗ್ಗಿ ಬಂದು ಬೆನ್ನಿಗೆ ಅಪ್ಪಳಿಸಿತು. ಕಾಲರ್ ಬೋನ್ ಮುರಿಯಿತು. ಅವನ ಸೀಸನ್ ಅಲ್ಲಿಗೆ ಮುಗಿಯಿತು.

ಭಾನುವಾರ ಕೋಚ್ ಅವರ ಫೋನು. ಬೈಯಲಿಲ್ಲ. ‘ಉಳಿದ ಇಪ್ಪತ್ತೊಂದು ಜನ ಎಲ್ಲಿ?’ ಎಂದರು, ಅಷ್ಟೆ.

ಅಷ್ಟರಲ್ಲಿ ಆ ಕ್ಲಿಪ್ಪು ನಮ್ಮ ಬಳಗದ ವಾಟ್ಸಾಪ್ ಗುಂಪು ಸೇರಿತ್ತು. ಆಟಗಾರರ ಹೆತ್ತವರಿಗೆಲ್ಲ ಫಿಲ್ಮ್ ಸಿಗುತ್ತದೆ. ಪ್ರಕಾಶ್ ಕತ್ತರಿಸಿ ಹಾಕಿದ್ದರು. ‘ನೋಡಿ. ಬೆನ್ನು ಕಾಯಬೇಕಾದವನು ಎಲ್ಲಿದ್ದಾನೆ?’ ಎಂದು ಕೆಳಗೊಂದು ಸಾಲು. ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಎಡತುದಿಯಲ್ಲಿ ನಿಲ್ಲುವವನು ಯಾರೆಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಒಬ್ಬರು ‘ಕಾವಲುಗಾರ ನಿದ್ದೆ ಹೊಡೀತಿದ್ದ’ ಎಂದರು. ಇನ್ನೊಬ್ಬರು ‘ಗಾತ್ರ ಆನೇದು, ಕೆಲಸ ಇರುವೇದು’ ಎಂದು ಬರೆದು ನಗುವ ಮುಖ ಹಾಕಿದರು. ಆ ಮುಖಕ್ಕೆ ಹನ್ನೊಂದು ಹೆಬ್ಬೆರಳು ಬಿದ್ದಿದ್ದವು. ಹನ್ನೊಂದೂ ನಮ್ಮ ಮನೆಯ ಗೌರಿ ಅರಿಶಿನ-ಕುಂಕುಮಕ್ಕೆ ಬರುವವರದ್ದೇ, ಇಲ್ಲವೇ ಅವರ ಗಂಡಂದಿರದ್ದು.

ಮಂಗಳವಾರ ಗಿರಿಜಾ ನಮ್ಮ ಬಾಗಿಲ ಮುಂದೆ ನನ್ನ ಸ್ಟೀಲ್ ಡಬ್ಬಿ ಇಟ್ಟು ಹೋಗಿದ್ದಳು. ಹಿಂದಿನ ವಾರ ಅದರಲ್ಲಿ ಚಕ್ಕುಲಿ ಕೊಟ್ಟಿದ್ದೆ. ತೆರೆದು ನೋಡಿದೆ. ಖಾಲಿ. ತೊಳೆದು, ಒರೆಸಿ, ಖಾಲಿ. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ. ಗುಂಪಿನಲ್ಲಿ ಅಷ್ಟು ಜನ ಅಂದದ್ದಕ್ಕಿಂತ ಆ ಡಬ್ಬಿಯ ಹೊಳೆಯುವ ತಳ ನನಗೆ ಹೆಚ್ಚು ಚುಚ್ಚಿತು.

ಕೂತು ಕ್ಲಿಪ್ಪನ್ನು ನಿಧಾನಗತಿಯಲ್ಲಿ ನೋಡತೊಡಗಿದೆ. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕೊನೆಗೆ ಕಂಡದ್ದು ಚಿಕ್ಕ ಸಂಗತಿ. ಚೆಂಡು ಬರುವ ಮುನ್ನ ನಿಖಿಲ್‌ನ ಬಲ ಅಂಗೈ ತೊಡೆಯ ಪಕ್ಕದಲ್ಲಿ ಎರಡು ಸಲ ಹೊರಕ್ಕೆ ಆಡುತ್ತದೆ, ದೋಸೆಯ ಮೇಲಿನ ನೊಣ ಓಡಿಸುವಂತೆ. ಮರುಕ್ಷಣ ಚೌಕಟ್ಟಿನ ಬಲ ಅಂಚಿನಲ್ಲಿ ಒಂದು ಬಿಳಿ ಶೂ ಮಾಯವಾಗುತ್ತದೆ. ಅದು ರನ್ನಿಂಗ್ ಬ್ಯಾಕ್ ಎಂಬ ಆಟಗಾರನದು. ನಿಖಿಲ್‌ನ ಪಕ್ಕದಲ್ಲಿ ನಿಂತು, ಎಡದಿಂದ ಎರಡನೆಯವನು ಬಂದರೆ ತಡೆಯುವುದು ಅವನ ಕೆಲಸ. ಅವನನ್ನು ನಿಖಿಲ್ ಎಸೆತ ಹಿಡಿಯಲು ಹೊರಗೆ ಓಡು ಎಂದು ಕಳಿಸಿದ್ದ.

ಶಾಲೆ ಬಿಡುವ ಹೊತ್ತಿಗೆ ಹೋಗಿ ಚಿರಾಗ್‌ನನ್ನು ಕಾರಿನಲ್ಲಿ ಕೂರಿಸಿಕೊಂಡೆ. ಹಿಂದಿನ ದಿನವೇ ಅವನು ಹೆಲ್ಮೆಟ್ ಹಿಂದಿರುಗಿಸಿ ತಂಡ ಬಿಟ್ಟಿದ್ದ. ಬೆರಳುಗಳಲ್ಲಿ ಟೇಪಿರಲಿಲ್ಲ, ಟೇಪಿದ್ದ ಜಾಗ ಮಾತ್ರ ಬಿಳಿಚಿತ್ತು.

‘ಎಡಗಡೆಯಿಂದ ಎಷ್ಟು ಜನ ಬಂದ್ರೋ?’

‘ಟೂ, ಆಂಟಿ. ಐ ಗಾಟ್ ಒನ್.’ ತನ್ನ ಭುಜ ನೋಡಿಕೊಂಡು, ‘ದೇರ್ ಈಸ್ ಓನ್ಲಿ ಒನ್ ಆಫ್ ಮೀ. ಈವನ್ ದಿಸ್ ಸೈಜ್.’

‘ಕೋಚಿಗೆ ಗೊತ್ತಾ?’

‘ಟೀಮ್‌ಗೆ ಎಲ್ಲಾ ಗೊತ್ತು.’

‘ಹಾಗಿದ್ರೆ ನಿಮ್ಮಮ್ಮಂಗಾದ್ರೂ ಹೇಳಬಾರದಿತ್ತೇನೋ?’

‘ವಿ ಆರ್ ದ ಲೈನ್, ಆಂಟಿ. ನಾವು ಕ್ವಾರ್ಟರ್‌ಬ್ಯಾಕ್ ಮೇಲೆ ಹೇಳಲ್ಲ.’

ಕೋಚ್ ತಂಡದ ಕೋಣೆಯೊಳಗೆ ಹುಡುಗರಿಗೆ ಹೇಳಿದ್ದರಂತೆ, ತಪ್ಪು ಚಿರಾಗ್‌ನದಲ್ಲ ಎಂದು. ಆದರೆ ಶಾಲೆಯ ನಿಯಮದ ಪ್ರಕಾರ ಒಬ್ಬ ವಿದ್ಯಾರ್ಥಿಯ ತಪ್ಪನ್ನು ಇನ್ನೊಬ್ಬರ ಹೆತ್ತವರಿಗೆ ಹೇಳುವಂತಿಲ್ಲ. ಹಾಗಾಗಿ ಮಾತು ಆ ಕೋಣೆಯಲ್ಲೇ ಉಳಿದಿತ್ತು. ಹೊರಗೆ ಓಡಾಡುತ್ತಿದ್ದದ್ದು ನನ್ನ ಜೂಮ್ ಮಾತ್ರ.

ಪ್ರಕಾಶ್ ಅವರಿಗೆ ಫೋನು ಮಾಡಿದೆ. ಕಂಡದ್ದನ್ನು ಹೇಳಿದೆ. ಕ್ಲಿಪ್ ತೆಗೆಯಿರಿ, ಗುಂಪಿನಲ್ಲಿ ಒಂದು ಸಾಲು ಬರೆಯಿರಿ ಎಂದು ಬೇಡಿಕೊಂಡೆ.

‘ಶೈಲಾ ಅವ್ರೆ, ನೀವ್ಯಾಕೆ ಇಷ್ಟು ಟೆನ್ಶನ್ ತಗೋತೀರ? ಮಕ್ಕಳಾಟ, ಎರಡು ದಿನಕ್ಕೆ ಮರೀತಾರೆ. ನಿಖಿಲ್‌ದು ಕಾಲೇಜ್ ಅಪ್ಲಿಕೇಶನ್ ವರ್ಷ, ಈಗ ಇದೆಲ್ಲ ಬೇಡ.’

‘ಚಿರಾಗ್‌ದೂ ಅದೇ ವರ್ಷ.’

‘ಅವನು ಲೈನ್ ಅಲ್ವಾ?’

ಫೋನಿಟ್ಟ ಮೇಲೆ ಈರುಳ್ಳಿ ಹೆಚ್ಚುತ್ತಾ ನಿಂತೆ. ಮೂರು ಜನರ ಮನೆಗೆ ಹತ್ತು ಈರುಳ್ಳಿ ಹೆಚ್ಚಿದ್ದೆ.

ರಾಜ್ಯೋತ್ಸವ ಶಾಲೆಯೊಂದರ ಕೆಫೆಟೇರಿಯಾದಲ್ಲಿ ನಡೆಯಿತು. ವೇದಿಕೆಯ ಮೇಲೆ ಹಣ್ಣಿನ ಬುಟ್ಟಿ, ಶಾಲು, ಮೈಸೂರು ಪೇಟ. ನಿಖಿಲ್ ಜುಬ್ಬಾ ತೊಟ್ಟು, ಕೈಯನ್ನು ಪಟ್ಟಿಯಲ್ಲಿ ನೇತುಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದ. ಗಿರಿಜಾ ಕೊನೆಯ ಸಾಲಿನಲ್ಲಿ. ಚಿರಾಗ್‌ನನ್ನು ಯಾರೋ ಕಮಿಟಿಯವರು ‘ದೊಡ್ಡ ಆಳು, ಕಾರುಗಳಿಗೆ ಚೆನ್ನಾಗಿ ಕಾಣ್ತಾನೆ’ ಎಂದು ಪಾರ್ಕಿಂಗ್ ನೋಡಿಕೊಳ್ಳಲು ಹೊರಗೆ ನಿಲ್ಲಿಸಿದ್ದರು. ಆ ಮಾತನ್ನು ಕಿವಿಯಾರೆ ಕೇಳಿದೆ.

ವಿಡಿಯೋ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ನಾನು ಹಾಕಿದ್ದು ವೈಡ್ ಚಿತ್ರಗಳನ್ನು, ಹಿಂದಿನ ಪಂದ್ಯಗಳ ಆರು ಎಸೆತ. ಮೊದಲನೆಯದಕ್ಕೆ ಚಪ್ಪಾಳೆ ಬಿತ್ತು. ಎರಡನೆಯದರಲ್ಲಿ ಚೆಂಡು ಕೈ ಬಿಡುವ ಕ್ಷಣಕ್ಕೆ ಚಿತ್ರ ನಿಲ್ಲಿಸಿದೆ. ಎಡತುದಿಯಲ್ಲಿ ಒಬ್ಬ ಹುಡುಗ ತನಗಿಂತ ದೊಡ್ಡವನೊಬ್ಬನನ್ನು ಎದೆಯಿಂದ ತಡೆದು ನಿಂತಿದ್ದಾನೆ. ಮೂರನೆಯದರಲ್ಲೂ ಅವನೇ. ಆರರಲ್ಲೂ ಅವನೇ. ಕೊನೆಗೆ ಎಲ್ಲರೂ ಫೋನಿನಲ್ಲಿ ನೋಡಿದ್ದ ಆ ಕ್ಲಿಪ್ಪು ಹಾಕಿ ಮೈಕು ತೆಗೆದುಕೊಂಡೆ.

‘ಈ ಚಿತ್ರ ಸುಳ್ಳು ಹೇಳುತ್ತೆ. ಹೇಳಿಸಿದವಳು ನಾನು. ಎಡಗಡೆಯಿಂದ ಇಬ್ಬರು ಬಂದಿದ್ರು. ಚಿರಾಗ್ ಒಬ್ಬನನ್ನ ಹಿಡಿದಿದ್ದ. ನಾನು ಜೂಮ್ ಮಾಡಿ ಅವನನ್ನ ಹೊರಗೆ ಹಾಕಿದೆ. ಆಮೇಲೆ ನೀವೆಲ್ಲ ಸೇರಿ ಹಾಕಿದ್ರಿ.’

‘ಆಫ್ ಮಾಡ್ರೀ ಅದನ್ನ!’ ಎಂದರು ಪ್ರಕಾಶ್.

ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಏರಿಸಲಿಲ್ಲ. ‘ಮಾಡಲ್ಲ’ ಎಂದೆ. ಮೈಕು ಬಳೆಗೆ ತಾಗಿ ಕಿರ್ರೆಂದಿತು. ಅಂಗೈಯ ಸನ್ನೆಯ ಮಾತು ನಾನು ಎತ್ತಲಿಲ್ಲ. ಮೂಳೆ ಮುರಿದುಕೊಂಡ ಹದಿನೇಳರ ಹುಡುಗನನ್ನು ಇನ್ನೂರು ಜನರ ಮುಂದೆ ಎಳೆಯುವುದು ನನ್ನ ಕೆಲಸವಾಗಿರಲಿಲ್ಲ. ಅವನ ಕಡೆ ನೋಡಿದೆ, ಅಷ್ಟೆ.

ನಿಖಿಲ್ ಎದ್ದ. ತಂದೆ ಜುಬ್ಬಾದ ತುದಿ ಹಿಡಿದು ‘ಕೂತ್ಕೋ’ ಎಂದದ್ದು ಮೊದಲ ಮೂರು ಸಾಲಿಗೆ ಕೇಳಿಸಿತು. ಅವನು ಕೂರಲಿಲ್ಲ.

‘ಐ ಸೆಂಟ್ ದ ಅದರ್ ಬ್ಲಾಕರ್ ಅವೇ,’ ಎಂದ. ‘ಕೋಚ್ ಬೇಡ ಅಂದಿದ್ರು. ನಾನೇ ಕಳಿಸಿದ್ದು. ಚಿರಾಗ್ ಡಿಡ್ ಹಿಸ್ ಜಾಬ್.’

ಆಮೇಲೆ ಚಪ್ಪಾಳೆ. ಯಾರಿಗೆ? ನಿಖಿಲ್‌ಗೆ! ಬಳಗದ ಕಾರ್ಯದರ್ಶಿಗಳು ‘ಎಂಥಾ ದೊಡ್ಡ ಗುಣ, ಎಂಥಾ ಪ್ರಾಮಾಣಿಕತೆ’ ಎನ್ನುತ್ತಾ ಶಾಲು ಹೊದಿಸಿ, ಪೇಟ ಇಟ್ಟೇ ಬಿಟ್ಟರು. ವಾಟ್ಸಾಪಿನಲ್ಲಿ ಮರುದಿನವೆಲ್ಲ ಅದೇ: ಹುಡುಗ ಚಿನ್ನ, ಸಂಸ್ಕಾರ ನೋಡಿ. ಮಾಡದ ತಪ್ಪನ್ನು ಹದಿನೇಳು ದಿನ ಹೊತ್ತವನಿಗೆ ಒಬ್ಬರಾದರೂ ‘ಸಾರಿ’ ಎಂದು ಬರೆಯಲಿಲ್ಲ. ಆನೆ-ಇರುವೆಯ ಜೋಕು ಇವತ್ತಿಗೂ ಆ ಗುಂಪಿನಲ್ಲಿದೆ. ತಪ್ಪೊಪ್ಪಿಗೆಯ ಕೀರ್ತಿಯೂ ಕ್ವಾರ್ಟರ್‌ಬ್ಯಾಕಿಗೇ ಹೋಯಿತಲ್ಲ ಎಂದು ನಾನು ಕುದಿದೆ. ಈಗ ಬರೆಯುವಾಗಲೂ ಕುದಿಯುತ್ತಿದ್ದೇನೆ.

ಒಂದನ್ನು ಮಾತ್ರ ಹೇಳದಿದ್ದರೆ ನಿಖಿಲ್‌ಗೆ ನಾನು ಅನ್ಯಾಯ ಮಾಡಿದಂತೆ. ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಅವನು ನೇರ ಹೊರಗೆ ಹೋದ. ಗಾಜಿನ ಬಾಗಿಲಿನಾಚೆ, ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕಾರುಗಳಿಗೆ ದಾರಿ ತೋರಿಸುತ್ತಿದ್ದ ಚಿರಾಗ್‌ನ ಮುಂದೆ ನಿಂತ. ಏನು ಮಾತಾಡಿದರೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಚಿರಾಗ್ ತನ್ನ ಟಾರ್ಚನ್ನು ಅವನ ಪೆಟ್ಟಾಗದ ಕೈಗೆ ಕೊಟ್ಟ. ಇಬ್ಬರೂ ಸೇರಿ ಕಾರುಗಳನ್ನು ನಿಲ್ಲಿಸತೊಡಗಿದರು.

ಸೋಮವಾರ ಚಿರಾಗ್ ಹೆಲ್ಮೆಟ್ ವಾಪಸ್ ತೆಗೆದುಕೊಂಡ. ಅವನಿಲ್ಲದ ಎರಡು ಪಂದ್ಯಗಳಲ್ಲಿ ನಿಖಿಲ್‌ನ ಬದಲಿಗೆ ಆಡಿದ ಹತ್ತನೇ ತರಗತಿಯ ಸಣಕಲು ಹುಡುಗ ಒಂಬತ್ತು ಸಲ ನೆಲ ಕಚ್ಚಿದ್ದ. ಆ ಹುಡುಗನಿಗೆ ಆಟವೇ ಬರುವುದಿಲ್ಲ ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ತೀರ್ಪು ಕೊಟ್ಟಾಗಿತ್ತು. ಸೀಸನ್ನಿನ ಕೊನೆಯ ಪಂದ್ಯದಲ್ಲಿ ಅದೇ ಹುಡುಗ ಒಂದೇ ಸಲ ಬಿದ್ದ, ಮೂರು ಸಲ ಟಚ್‌ಡೌನ್‌ಗೆ, ಅಂದರೆ ಪಾಯಿಂಟಿಗೆ, ಎಸೆದ. ಪಂದ್ಯ ಮುಗಿದಾಗ ಅವನ ಜರ್ಸಿ ಹೆಚ್ಚುಕಡಿಮೆ ಇಸ್ತ್ರಿ ಮಾಡಿದಂತಿತ್ತು. ಚಿರಾಗ್‌ನ ಜರ್ಸಿಯ ಬಣ್ಣವೇ ಕಾಣುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಜನ ‘ಎಂಥಾ ಕೈ ಆ ಹುಡುಗಂದು’ ಎನ್ನುತ್ತಾ ಇಳಿದು ಹೋದರು.

ಗಿರಿಜಾ ಈಗ ಮಾತಾಡುತ್ತಾಳೆ, ಆದರೆ ಮೊದಲಿನ ಹಾಗಲ್ಲ. ‘ಶೈಲಕ್ಕ’ ಹೋಗಿ ‘ಶೈಲಾ ಅವ್ರೆ’ ಆಗಿದೆ. ಅದು ನನ್ನ ಪಾಲಿನದು, ಅನುಭವಿಸುತ್ತೇನೆ.

ಆ ಭಾನುವಾರ ಕೋಚ್ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಅದನ್ನು ನಾನೂ ಕೇಳಲು ಕಲಿತಿದ್ದೇನೆ. ಯಾರಾದರೂ ಯಾರನ್ನಾದರೂ ವೇದಿಕೆ ಹತ್ತಿಸಿ ಶಾಲು ಹೊದಿಸುವಾಗ, ಅಥವಾ ಯಾರನ್ನಾದರೂ ಮೂಲೆಗೆ ತಳ್ಳಿ ಕಲ್ಲೆಸೆಯುವಾಗ, ಉಳಿದ ಇಪ್ಪತ್ತೊಂದು ಜನ ಎಲ್ಲಿ ಎಂದು ನೋಡುತ್ತೇನೆ. ಸಭ್ಯತೆ ಅಡ್ಡ ಬಂದರೆ ಅದನ್ನು ಪಕ್ಕಕ್ಕಿಟ್ಟು ಬಾಯಿಬಿಟ್ಟೇ ಕೇಳುತ್ತೇನೆ.

ಮಗಳು ಶಾಲೆ ಮುಗಿಸಿದ ವರ್ಷ ಕ್ಯಾಮೆರಾವನ್ನು ಹೊಸ ವಾಲಂಟಿಯರಿಗೆ, ತೆಲುಗಿನ ಒಬ್ಬ ತಾಯಿಗೆ, ಒಪ್ಪಿಸಿದೆ. ಜೂಮ್ ಗುಂಡಿಯ ಮೇಲೆ ನಾನು ಸುತ್ತಿದ್ದ ಬಿಳಿ ಟೇಪನ್ನು ನೋಡಿ ಆಕೆ ‘ಇದು ಮುರಿದಿದೆಯಾ?’ ಎಂದು ಕೇಳಿದರು.

‘ಇಲ್ಲ, ಚೆನ್ನಾಗೇ ಇದೆ,’ ಎಂದೆ. ‘ಅದಕ್ಕೇ ಸುತ್ತಿರೋದು. ತೆಗೀಬೇಡಿ.’