ಒಂದೇ ಉತ್ತರ ಬರೆದ ಹತ್ತೊಂಬತ್ತು ಮಂದಿ

ಹತ್ತೊಂಬತ್ತು ಉತ್ತರ ಪತ್ರಿಕೆಗಳನ್ನು ಓದಿ ಮುಗಿಸಿದಾಗ ರಜನಿಯ ಮುಖದ ಮೇಲಿದ್ದ ಕಳೆಯನ್ನು ನೋಡಬೇಕಿತ್ತು. ಸ್ವೀಡನ್ನಿನ ಸುಂಡ್‌ಬಿಬರ್ಗ್ ಎಂಬ ಊರಿನ ಮನೆಯ ಅಡುಗೆ ಕಟ್ಟೆಯ ಮೇಲೆ ಪತ್ರಿಕೆಗಳನ್ನು ಹರವಿ, ಗಂಡ ಅಶ್ವತ್ಥನನ್ನು ಕರೆದು ತೋರಿಸಿದಳು. ಎರಡನೇ ಮಹಾಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಯುದ್ಧ ಮುಗಿದ ಎರಡೇ ವರ್ಷದಲ್ಲಿ ಬದ್ಧವೈರಿಗಳಾದದ್ದು ಏಕೆ? ಇದು ಪ್ರಶ್ನೆ. ಹತ್ತೊಂಬತ್ತು ಮಂದಿಯೂ ಐದು ಕಾರಣ ಬರೆದಿದ್ದರು. ಅದೇ ಐದು, ಅದೇ ಕ್ರಮದಲ್ಲಿ, ಅವೇ ಮಾತುಗಳಲ್ಲಿ.

"ನೋಡ್ರೀ, ಒಬ್ಬರಾದ್ರೂ ಒಂದು ಪಾಯಿಂಟ್ ಬಿಟ್ಟಿದ್ದಾರಾ?"

ಬಿಟ್ಟಿರಲಿಲ್ಲ. ಬಿಡುವಂತೆ ಅವಳು ಕಲಿಸಿಯೇ ಇರಲಿಲ್ಲ.

ರಜನಿ ತಿಪಟೂರಿನ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಇತಿಹಾಸ ಕಲಿಸಿದವಳು. ಹತ್ತು ಅಂಕದ ಪ್ರಶ್ನೆಗೆ ಉತ್ತರವನ್ನು ನಿಧಾನವಾಗಿ ಹೇಳಿ ಬರೆಸುವುದು, ಮರುದಿನ ಒಬ್ಬೊಬ್ಬರನ್ನೂ ಎಬ್ಬಿಸಿ ಒಪ್ಪಿಸಿಕೊಳ್ಳುವುದು, ತಪ್ಪಿದವರಿಂದ ಐದು ಸಲ ಬರೆಸುವುದು, ಇದು ಅವಳ ಪದ್ಧತಿ. ಅವಳ ವಿಷಯದಲ್ಲಿ ಫೇಲಾದವರು ತೀರಾ ಕಡಿಮೆ. ಅಶ್ವತ್ಥನ ಕೆಲಸದ ದೆಸೆಯಿಂದ ಸ್ವೀಡನ್ನಿಗೆ ಬಂದ ಮೇಲೆ ಇದೆಲ್ಲ ಮೂಲೆ ಸೇರಿತು. ನಾಲ್ಕು ವರ್ಷ ಡಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರದಲ್ಲಿ ಬೇರೆಯವರ ಮಕ್ಕಳ ಮೂಗೊರೆಸಿ, ಮಳೆ ಬೂಟು ಹಾಕಿಸಿ, ಜೊತೆಗೇ ಸ್ವೀಡಿಷ್ ಕಲಿತಳು. ಆಮೇಲೆ ಇಲ್ಲಿನ ಶಿಕ್ಷಕರ ಕೋರ್ಸನ್ನೂ ಪಟ್ಟುಹಿಡಿದು ಮುಗಿಸಿದಳು. ನಲವತ್ತೇಳನೆಯ ವಯಸ್ಸಿನಲ್ಲಿ ವಯಸ್ಕರ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತ್ತು. ಆರು ತಿಂಗಳ ಪ್ರೊಬೇಷನ್. ಅದರಲ್ಲಿ ಇನ್ನು ಉಳಿದದ್ದು ಮೂರೇ ವಾರ.

ಅಲ್ಲಿ ಉತ್ತರ ಪತ್ರಿಕೆಗಳನ್ನು ಇನ್ನೊಬ್ಬ ಶಿಕ್ಷಕರೂ ಓದುವುದು ರೂಢಿ. ಅವರು ಮೊದಲ ಮೂರು ಪತ್ರಿಕೆ ಓದಿದರು, ಉಳಿದವನ್ನು ಬರೀ ತಿರುವಿ ಹಾಕಿದರು, ಎದ್ದು ನೆಟ್ಟಗೆ ಶಾಲೆಯ ಮುಖ್ಯಸ್ಥೆ, ರೆಕ್ಟರ್ ಗುನಿಲ್ಲಾಳ ಕೋಣೆಗೆ ಹೋದರು. ಸಂಜೆಯೊಳಗೆ ಹತ್ತೊಂಬತ್ತು ಮಂದಿಗೂ ಪತ್ರ ಬಂತು. ಸಾಮೂಹಿಕ ನಕಲಿನ ಅನುಮಾನ, ವಿಚಾರಣೆ ಇದೆ, ಸಾಬೀತಾದರೆ ಸಸ್ಪೆಂಡ್.

ರಜನಿಗೆ ಇದು ಗೊತ್ತಾದದ್ದು ಮರುದಿನ ಬೆಳಿಗ್ಗೆ, ಕಾರಿಡಾರಿನಲ್ಲಿ ರೂಹಿ ಅಡ್ಡ ನಿಂತಾಗ. ರೂಹಿ ದಾವಣಗೆರೆಯವಳು. ಗಂಡ ಮಾಜಿದ್ ಇಂಜಿನಿಯರು, ಇವಳು ನರ್ಸಿಂಗ್ ಓದುವುದಕ್ಕೆ ಬೇಕಾದ ವಿಷಯಗಳನ್ನು ಇಲ್ಲಿ ಪಾಸು ಮಾಡಿಕೊಳ್ಳುತ್ತಿದ್ದಳು.

"ಮೇಡಂ, ನಾವ್ ಕಾಪಿ ಹೊಡೆದಿಲ್ಲ. ನೀವ್ ಬರೆಸಿದ್ದನ್ನೇ ಬೈಹಾರ್ಟ್ ಮಾಡಿದ್ವಿ. ಸಸ್ಪೆಂಡ್ ಆದ್ರೆ ನನ್ ಅಡ್ಮಿಷನ್ ಹೋಯ್ತು ಮೇಡಂ."

ರಜನಿ ಹೆಮ್ಮೆಪಟ್ಟದ್ದೇ ಇವರ ಕುತ್ತಿಗೆಗೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸಕ್ಕೇನೂ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಯಾರೂ ಅವಳ ಮೇಲೆ ಬೆರಳು ತೋರಿಸಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವುದು ರಜನಿಯ ಜಾಯಮಾನವಲ್ಲ. ಕೋಟನ್ನೂ ಬಿಚ್ಚದೆ ರೆಕ್ಟರ್ ಕೋಣೆಗೆ ನುಗ್ಗಿದಳು.

"ಗುನಿಲ್ಲಾ, ಆ ಉತ್ತರ ನನ್ನದು. ನಾನೇ ಹೇಳಿ ಬರೆಸಿದ್ದು, ನಾನೇ ಬಾಯಿಪಾಠ ಮಾಡಿಸಿದ್ದು."

ಗುನಿಲ್ಲಾ ಕನ್ನಡಕ ತೆಗೆದಿಟ್ಟಳು. "ಪೂರ್ತಿ ಉತ್ತರವನ್ನೇ?"

"ಪೂರ್ತಿ. ನಮ್ಮ ಕಡೆ ಇದಕ್ಕೆ ಚೆನ್ನಾಗಿ ತಯಾರಾದ ಕ್ಲಾಸು ಅಂತಾರೆ."

"ಹಾಗಾದರೆ ಅವರು ನಕಲು ಮಾಡಿಲ್ಲ. ಆದರೆ ಅವರು ಏನನ್ನಾದರೂ ಕಲಿತಿದ್ದಾರೆ ಅಂತ ನಾನು ಹೇಗೆ ನಂಬಲಿ? ನಿನ್ನ ಐದು ವಾಕ್ಯ ಬಿಟ್ಟರೆ ಅವರ ತಲೆಯಲ್ಲಿ ಏನಿದೆ?"

ಈ ಮಾತು ರಜನಿಗೆ ನಾಟಿತು. ಎಷ್ಟು ನಾಟಿತೆಂದರೆ, ಸಿಟ್ಟಿನ ಭರದಲ್ಲಿ ಹಿಂದೆಮುಂದೆ ನೋಡಲಿಲ್ಲ. "ನೀನೇ ಕೇಳು. ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಬಾಯಲ್ಲಿ ಕೇಳು. ನನ್ನ ವಾಕ್ಯ ಒಂದೂ ಬೇಡ. ಅವರು ಸೋತರೆ ನಾನು ಈ ಕೆಲಸ ಬಿಟ್ಟು ಹೋಗ್ತೀನಿ, ಅವರನ್ನ ಮಾತ್ರ ಏನೂ ಮಾಡಬೇಡ."

ಗುರುವಾರ ವಿಚಾರಣೆ ಶುರುವಾಯಿತು. ರಜನಿಗೆ ಮೂಲೆಯ ಕುರ್ಚಿ, ತುಟಿ ಬಿಚ್ಚುವ ಹಾಗಿಲ್ಲ. ಮೊದಲು ಬಂದ ಹುಡುಗ ತಡವರಿಸಿದ. ಎರಡನೆಯವನು ನಾಲ್ಕು ಮಾತಾಡಿ ಛಾವಣಿ ನೋಡಿದ. ಇವರಿಗೆ ತಾನು ಉತ್ತರ ಕೊಟ್ಟಿದ್ದೆನೇ ಹೊರತು ಯೋಚನೆ ಮಾಡಲು ಒಂದು ಗಳಿಗೆಯೂ ಕೊಟ್ಟಿರಲಿಲ್ಲವಲ್ಲ ಎಂದು ರಜನಿಗೆ ಆಗ ಅನ್ನಿಸಿತು. ರೂಹಿ ಬಂದ ಮೇಲೆ ಕೊಂಚ ಜೀವ ಬಂತು. ಒಂದು ಕಡೆ ಅಣುಬಾಂಬ್ ಇತ್ತು, ಇನ್ನೊಂದು ಕಡೆ ಎರಡು ಕೋಟಿಗೂ ಮೀರಿದ ಸಾವಿತ್ತು, ಇಬ್ಬರಿಗೂ ಹೆದರಿಕೆಯೇ ಇದ್ದದ್ದು ಎಂದು ರೂಹಿ ತನ್ನ ಮುರುಕು ಸ್ವೀಡಿಷ್‌ನಲ್ಲಿ ಹೇಳಿದಾಗ ಗುನಿಲ್ಲಾ ಏನೋ ಬರೆದುಕೊಂಡಳು. ಆಮೇಲೆ ಬಂದವರೂ ಅವರವರಿಗೆ ತೋಚಿದ್ದನ್ನು ಹೇಳುತ್ತ ಹೋದರು, ಕೆಲವರು ಚೆನ್ನಾಗಿ, ಕೆಲವರು ಹೇಗೋ.

ಕೊನೆಗೆ ಬಂದವಳು ಹಲಿನಾ. ಪೋಲೆಂಡಿನವಳು, ಐವತ್ತೆರಡು ವರ್ಷ, ಬಸ್ ಓಡಿಸುವುದು ಕೆಲಸ. ಇಷ್ಟು ತಿಂಗಳಲ್ಲಿ ತರಗತಿಯಲ್ಲಿ ಅವಳ ಧ್ವನಿಯನ್ನು ಯಾರೂ ಕೇಳಿದ್ದಿಲ್ಲ. ಕೂತವಳು ರಜನಿಯ ಕಡೆ ಒಮ್ಮೆ ನೋಡಿದಳು, ಆಮೇಲೆ ಗುನಿಲ್ಲಾಳ ಕಡೆ ತಿರುಗಿದಳು.

"ರಜನಿ ಬರೆಸಿದ ಮೊದಲನೇ ಕಾರಣ ತಪ್ಪು," ಎಂದಳು.

ಗುನಿಲ್ಲಾ ಪೆನ್ನು ಕೆಳಗಿಟ್ಟಳು.

"ಒಬ್ಬರದು ಕಮ್ಯುನಿಸಂ, ಇನ್ನೊಬ್ಬರದು ಬಂಡವಾಳಶಾಹಿ, ಅದಕ್ಕೇ ವೈರ ಅಂತ ರಜನಿ ಹೇಳಿದಳು. ಆ ವ್ಯತ್ಯಾಸ ಯುದ್ಧದಲ್ಲೂ ಇತ್ತಲ್ಲ? ಆಗ ಇಬ್ಬರೂ ಒಟ್ಟಿಗೇ ಇದ್ದರು. ನಲವತ್ತೈದರಲ್ಲಿ ನಮ್ಮಜ್ಜಿಯ ಮನೆಗೆ ರಷ್ಯನ್ ಅಧಿಕಾರಿಗಳು ಬಂದರು, ಎರಡು ರಾತ್ರಿ ಇರ್ತೀವಿ ಅಂದರು. ಎರಡು ವರ್ಷವಾದರೂ ಏಳಲಿಲ್ಲ. ಅಜ್ಜಿ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ಆ ಕಡೆ ಜರ್ಮನಿಯಲ್ಲಿ ಅಮೆರಿಕದವರೂ ತಾವು ಕೂತಲ್ಲಿಂದ ಏಳಲಿಲ್ಲ. ನೀನು ಎದ್ದರೆ ನಾನು ಏಳ್ತೀನಿ ಅಂತ ಇಬ್ಬರೂ. ವೈರ ಹುಟ್ಟಿದ್ದು ಅಲ್ಲಿ. ಸಿದ್ಧಾಂತದ ಹೆಸರು ಆಮೇಲೆ ಅಂಟಿಸಿದ್ದು."

"ಇದನ್ನು ನಿನಗೆ ಯಾರು ಬರೆಸಿದರು?" ಎಂದು ಗುನಿಲ್ಲಾ ಕೇಳಿದಳು.

"ಯಾರೂ ಇಲ್ಲ. ಆ ಮೊದಲನೇ ಕಾರಣ ಬಾಯಿಪಾಠ ಮಾಡುವಾಗ ಪ್ರತಿ ಸಲವೂ ಅಜ್ಜಿ ನೆನಪಾಗುತ್ತಿದ್ದಳು, ಸಿಟ್ಟು ಬರುತ್ತಿತ್ತು. ಪರೀಕ್ಷೆಯಲ್ಲಿ ಬರೆಯಲು ಧೈರ್ಯವಾಗಲಿಲ್ಲ, ಅಷ್ಟೇ."

ಗುನಿಲ್ಲಾ ಫೈಲು ಮುಚ್ಚಿದಳು. ನಕಲು ಇಲ್ಲ, ಸಸ್ಪೆಂಡ್ ಇಲ್ಲ. ಮೊದಲು ಬಂದ ಇಬ್ಬರು ಮತ್ತೆ ಪರೀಕ್ಷೆ ಬರೆಯಬೇಕು. ರಜನಿ ಕೆಲಸದಲ್ಲಿ ಉಳಿಯಬಹುದು, ಆದರೆ ಇನ್ನು ಮುಂದೆ ಉತ್ತರ ಬರೆಸುವ ಹಾಗಿಲ್ಲ. ರಜನಿ ಒಪ್ಪಿ ತಲೆಯಾಡಿಸಿದಳು. ಅವಳ ಕಿವಿ ಅರ್ಧ ಮಾತ್ರ ಅಲ್ಲಿತ್ತು.

ಸ್ಟೇಷನ್ನಿಗೆ ನಡೆಯುತ್ತ ಅಶ್ವತ್ಥನಿಗೆ ಫೋನ್ ಮಾಡಿದಳು. ಬೆಳಗಿನಿಂದ ಅವನೂ ಮೀಟಿಂಗುಗಳ ನಡುವೆ ಒದ್ದಾಡುತ್ತಿದ್ದ.

"ಏನಾಯ್ತೇ? ಕೆಲಸ ಉಳೀತಾ?"

"ಅದಿರ್ಲಿ, ಇಲ್ಲಿ ಕೇಳ್ರೀ. ಒಬ್ಬಳು ಸ್ಟೂಡೆಂಟ್, ರೆಕ್ಟರ್ ಎದುರಿಗೇ, ನಾನ್ ಹೇಳಿಕೊಟ್ಟಿದ್ದು ತಪ್ಪು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಲು!"

"ಅಯ್ಯೋ ದೇವ್ರೇ. ಯಾರೇ ಅದು?"

ರಜನಿ ನಡುದಾರಿಯಲ್ಲೇ ನಿಂತಳು. ಮುಖವೆಲ್ಲ ನಗುವಾಗಿತ್ತು.

"ಯಾರು ಅಂದ್ರೆ? ನನ್ ಸ್ಟೂಡೆಂಟ್ ಕಣ್ರೀ ಅವಳು!"