ಕಂಬಿ ಮೇಲಿರಬೇಕಿತ್ತು

ನಮ್ಮ ಬಸವನಗುಡಿಯ ಬೀದಿಯಲ್ಲಿ ಯಾರೋ ಹಳೆಯ ಮನೆ ಕೆಡವುತ್ತಿದ್ದಾರೆ. ಕಿಟಕಿಯಿಂದ ಸುಣ್ಣದ ಧೂಳಿನ ವಾಸನೆ ಬಂದಾಗಲೆಲ್ಲ ನನಗೆ ರಾಜಣ್ಣನವರ ನೆನಪು. ಚಾಮರಾಜಪೇಟೆಯ ಕಂಟ್ರಾಕ್ಟರು, ಆಡುವುದೇ ಕಡಿಮೆ, ಆಡಿದ್ದರಲ್ಲೂ ಅರ್ಧ ನುಂಗುವ ಸ್ವಭಾವ. ನಾನು ಆಗಷ್ಟೇ ಸ್ವಂತ ಕಚೇರಿ ತೆರೆದಿದ್ದ ಎಂಜಿನಿಯರ್. ಬಾಗಿಲ ಮೇಲಿನ ನನ್ನ ಹೆಸರಿನ ಬೋರ್ಡು ಎಷ್ಟು ದೊಡ್ಡದಿತ್ತೆಂದರೆ, ಬಂದವರು ‘ಒಳಗೆ ಜಾಗ ಇಷ್ಟೇನಾ’ ಎಂದು ಇಣುಕುತ್ತಿದ್ದರು.

ಶಾರದಮ್ಮ ಎಂಬ ನಿವೃತ್ತ ಟೀಚರ್ ಒಬ್ಬರ ಮನೆ. ನಕ್ಷೆ ನನ್ನದು, ಕಟ್ಟಿದವರು ರಾಜಣ್ಣ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಕಬ್ಬಿಣದ ಕಂಬಿ ಕಾಂಕ್ರೀಟಿನ ಮೇಲ್ಭಾಗದಲ್ಲಿರಬೇಕು. ಭಾರ ಬಿದ್ದಾಗ ಬಿರಿಯುವುದು ಮೇಲುಗಡೆಯೇ. ನನ್ನ ನಕ್ಷೆಯಲ್ಲಿ ಅದು ಕೆಳಗಿತ್ತು. ಕಾಂಕ್ರೀಟ್ ಹಾಕುವ ದಿನ ರಾಜಣ್ಣ ಕೇಳಿದ್ದರು: “ಮೇಡಂ, ಕಂಬಿ ಮೇಲ್ಗಡೆ ಬರ್ಬೇಕಲ್ವಾ?”

ನಾನು ಯಾರದೋ ಫೋನಿನಲ್ಲಿದ್ದೆ. “ಡ್ರಾಯಿಂಗಲ್ಲಿ ಇರೋ ಹಾಗೇ ಮಾಡಿ” ಎಂದುಬಿಟ್ಟೆ.

ಗೃಹಪ್ರವೇಶವಾಗಿ ಕೆಲವು ತಿಂಗಳಿಗೆ ಬಾಲ್ಕನಿ ಗೋಡೆಗೆ ಸೇರುವಲ್ಲಿ ಬಿರುಕು ಬಿಟ್ಟಿತು. ಅಲ್ಲೇ ಶಾರದಮ್ಮ ಸಂಡಿಗೆ ಒಣಹಾಕುತ್ತಿದ್ದರು. ನಾನು ಓಡಿಹೋಗಿ ಆ ಬಾಗಿಲಿಗೆ ಬೀಗ ಹಾಕಿಸಿ, ಕೆಳಗಿನಿಂದ ಆನಿಕೆ ಕೊಡಿಸಿದೆ. “ಸಿಮೆಂಟು ಕದ್ದಿದ್ದೀರಿ ರಾಜಣ್ಣ” ಎಂದರು ಶಾರದಮ್ಮ. ರಾಜಣ್ಣ ನನ್ನ ಕಡೆ ನೋಡಿದರು. ಕಚೇರಿಗೆ ಬಂದು ನಕ್ಷೆ ಬಿಚ್ಚಿದೆ. ತಪ್ಪು ನನ್ನ ಕೈಯದೇ.

ರಾಜಣ್ಣನವರ ವಿಮೆ ಕೆಲಸ ನಡೆಯುವಾಗಿನ ಅವಘಡಕ್ಕೆ ಮಾತ್ರ. ಮನೆಯ ಕೀಲಿಕೈ ಕೊಟ್ಟ ದಿನವೇ ಮುಗಿದಿತ್ತು. ನಕ್ಷೆಯ ತಪ್ಪಿಗೆ ಇದ್ದದ್ದು ನನ್ನ ವಿಮೆ. ನಾನು ಸುಮ್ಮನಿದ್ದರೆ ಅವರಿಗೆ ಯಾವ ಆಸರೆಯೂ ಇಲ್ಲ. ವಿಮೆಯ ಏಜೆಂಟರಿಗೆ ಫೋನ್ ಮಾಡಿದೆ.

“ಕಂಪನಿಯವರನ್ನ ಕೇಳ್ದೆ ತಪ್ಪು ನಂದು ಅಂತ ಯಾರ ಹತ್ರಾನೂ ಒಪ್ಕೋಬೇಡಿ ಮೇಡಂ. ಕ್ಲೇಮ್ ಸಿಗಲ್ಲ.”

“ಅವರು ನೋಡೋಕೆ ಎಷ್ಟು ದಿನ?”

“ತಿಂಗಳುಗಟ್ಟಲೆ ಆಗ್ಬಹುದು.”

“ಅಲ್ಲೀವರೆಗೂ ರಾಜಣ್ಣ ಕಳ್ಳ ಅನ್ನಿಸ್ಕೊಂಡೇ ಇರ್ಬೇಕಾ?”

ಮರುದಿನ ಶಾರದಮ್ಮ, ರಾಜಣ್ಣ ಇಬ್ಬರನ್ನೂ ಕೂರಿಸಿ, ನಕ್ಷೆ ಹರಡಿ, ಎಲ್ಲ ಹೇಳಿದೆ. ಶಾರದಮ್ಮ ನಕ್ಷೆಯಿಂದ ತಲೆಯೆತ್ತಿ, “ತಪ್ಪು ಮಾತಾಡ್ಬಿಟ್ಟೆ ರಾಜಣ್ಣ, ಕಾಫಿ ಕುಡ್ಕೊಂಡು ಹೋಗಿ” ಎಂದರು. ನನಗೆ ಕಾಫಿ ಸಿಗಲಿಲ್ಲ. ನ್ಯಾಯವೇ.

ಏಜೆಂಟರು ಹೇಳಿದಂತೆಯೇ ಕ್ಲೇಮ್ ತಿರಸ್ಕಾರವಾಯಿತು. ರಿಪೇರಿಯ ಖರ್ಚಿಗೆ ನನ್ನ ಕಾರು ಮಾರಿದೆ. ಬಾಲ್ಕನಿ ಒಡೆಯುವ ದಿನ ರಾಜಣ್ಣ, “ಸಾಮಾನು ನಿಮ್ದು, ಕೂಲಿ ನಂದು. ನಾನೂ ಇನ್ನೊಂದ್ಸಲ ಗಟ್ಟಿಯಾಗಿ ಕೇಳ್ಬೇಕಿತ್ತು” ಎಂದರು. ಅಷ್ಟುದ್ದದ ಮಾತು ಅವರಿಂದ ಕೇಳಿದ್ದು ಅದೊಂದೇ ಸಲ.

ಈಗ ಪಾಯ ತೋಡುವ ಮೊದಲೇ ಮನೆಯವರನ್ನೂ ಕಂಟ್ರಾಕ್ಟರನ್ನೂ ಕೂರಿಸಿಕೊಂಡು ಯಾವ ತಪ್ಪಿಗೆ ಯಾರು ಹೊಣೆ, ಯಾರ ವಿಮೆ ಎಲ್ಲಿಯವರೆಗೆ ಎಂದು ಕನ್ನಡದಲ್ಲೇ ಬರೆದು ಓದಿಹೇಳುತ್ತೇನೆ. ನಕ್ಷೆಯ ಮೇಲೆ ಅನುಮಾನ ಬಂದರೆ ಕೆಲಸ ನಿಲ್ಲಿಸಬೇಕೆಂಬುದೂ ಅದರಲ್ಲಿದೆ. ಕಳೆದ ವಾರ ಮಲ್ಲೇಶ್ವರದಲ್ಲಿ ಒಬ್ಬ ಕಂಟ್ರಾಕ್ಟರು ನನ್ನ ಮೆಟ್ಟಿಲಿನ ಲೆಕ್ಕ ತಪ್ಪೆಂದು ಒಂದು ದಿನ ಪೂರ್ತಿ ಕೆಲಸ ನಿಲ್ಲಿಸಿದರು. ಹೋಗಿ ಅಳೆದು ತೋರಿಸಿದೆ. ಲೆಕ್ಕ ಸರಿಯಾಗಿತ್ತು.

“ಸಾರಿ ಮೇಡಂ, ಸುಮ್ನೆ ಒಂದಿನ ಹಾಳಾಯ್ತು.”

“ಹಾಳಾಗ್ಲಿಲ್ಲ. ಮುಂದಿನ ಸಲಾನೂ ನಿಲ್ಸಿ” ಎಂದೆ.